ಫಕ್ಕೀರವ್ವನ ಹೆಪ್ಪಿನ ನೀರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಸೀನದೆ ನಡೆದಾಡಿದ ಗಂಡಸು ಇನ್ನೂ ಹುಟ್ಟಿಲ್ಲ. ಚೀಲ ಹೊರುವ ಹಮಾಲನಾಗಲಿ, ಕಾರಿನಿಂದಿಳಿದ ದೊಡ್ಡ ಖರೀದಿದಾರನಾಗಲಿ, ಕೆಂಪು ರಾಶಿಯ ಮುಂದೆ ಎಲ್ಲರ ಮೂಗೂ ಒಂದೇ. ಹಾಗೆ ಸೀನಿ ಸೀನಿ, ಕಣ್ಣು ಕೆಂಡವಾಗಿ, ಗಂಟಲು ಒಲೆಯಾಗಿ ನಿಂತವರು ಹುಡುಕಿಕೊಂಡು ಹೋಗುತ್ತಿದ್ದುದು ಪ್ರಭುಲಿಂಗಪ್ಪನ ದಲಾಲಿ ಅಂಗಡಿಯ ಮುಂದಿನ ಬೇವಿನ ಮರವನ್ನು. ಮರದ ಕೆಳಗೆ ಮಣ್ಣಿನ ಹರವಿಗಳ ಸಾಲು. ಸಾಲಿನ ಹಿಂದೆ, ಗೋಣಿತಟ್ಟಿನ ಮೇಲೆ, ಮಠದ ಸ್ವಾಮಿ ಗದ್ದುಗೆಯ ಮೇಲೆ ಕುಳಿತ ಠೀವಿಯಲ್ಲಿ ಫಕ್ಕೀರವ್ವ.

ಆಕೆ ನೀರನ್ನು ಸುಮ್ಮನೆ ಕೊಡುತ್ತಿರಲಿಲ್ಲ. ಕೊಟ್ಟು, ಕುಡಿಯುವವನ ಗಂಟಲಿನ ಗುಂಡಿ ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಿದ್ದಳು. ಕೊನೆಗೆ ಕೇಳುತ್ತಿದ್ದಳು, "ಹೆಂಗೈತಿ?"

"ನೀರ ಹೆಂಗಿರ್ತೈತಿ, ನೀರಿನಂಗ ಐತಿ" ಎಂದ ಗುತ್ತಲದ ರೈತನೊಬ್ಬನ ಕೈಯಿಂದ ಆಕೆ ತಂಬಿಗೆಯನ್ನೇ ಕಸಿದುಕೊಂಡಿದ್ದಳು. "ನಾಲಿಗಿ ಮನ್ಯಾಗ ಬಿಟ್ಟ ಬಂದವರಿಗೆ ಅಲ್ಲೆ ನಳ ಐತಿ, ಹೋಗ."

ಆಕೆ ಹುಟ್ಟಿದ್ದು ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ, ತುಂಗಭದ್ರೆಯ ದಂಡೆಗೆ. ಹೊಳೆಯ ನೀರು ಕುಡಿದು ಬೆಳೆದ ಹುಡುಗಿ ಬ್ಯಾಡಗಿಗೆ ಸೊಸೆಯಾಗಿ ಬಂದ ದಿನ ಅತ್ತೆ ಹಿತ್ತಾಳೆ ಲೋಟದಲ್ಲಿ ಬಾವಿಯ ನೀರು ಕೊಟ್ಟಳು. ಸೊಸೆ ಒಂದು ಗುಟುಕು ಬಾಯಿಗೆ ಹಾಕಿ, ಬೀಗರ ಮುಂದೆಯೇ ಥೂ ಎಂದು ಉಗುಳಿದಳು.

"ಇದ ನೀರೋ, ಉಪ್ಪಿನಕಾಯಿ ಬರಣಿ ತೊಳದದ್ದೋ?"

"ನಿಮ್ಮವ್ವ ಹೊಳೀನ ಉಡ್ಯಾಗ ಕಟ್ಟಿ ಕಳಸಬೇಕಿತ್ತು" ಎಂದಳು ಅತ್ತೆ.

ಅತ್ತೆ ಆಡಿದ್ದು ಕುಹಕ. ಸೊಸೆ ತೆಗೆದುಕೊಂಡದ್ದು ಪಂಥ. ಮುಂದಿನ ಸಲ ತವರಿಗೆ ಹೋದವಳು ಚಕ್ಕಡಿಯಲ್ಲಿ ಹೊಳೆಯ ನೀರು ತುಂಬಿದ ಕೊಡಗಳನ್ನು ಒಟ್ಟಿಕೊಂಡು ಬಂದಳು. ಹಿತ್ತಲಿನಲ್ಲಿ ಒಂದು ದೊಡ್ಡ ಕಲ್ಲಿನ ಬಾನಿ ಇತ್ತು, ಎಮ್ಮೆ ಇದ್ದ ಕಾಲದ್ದು. ಅದಕ್ಕೆ ಸುರಿದಳು. ಆದರೆ ಚಕ್ಕಡಿಯ ನೀರು ಎಷ್ಟು ದಿನ ಬಂದೀತು? ಆಗ ಆಕೆಗೆ ಹೊಳೆದ ಉಪಾಯವೇ ಆಕೆಯ ಜನ್ಮದ ಹೆಮ್ಮೆಯಾಯಿತು. ಬಾನಿಯ ತಳದಲ್ಲಿ ಹೊಳೆಯ ನೀರನ್ನು ಉಳಿಸಿ, ಅದರ ಮೇಲೆ ಊರ ನೀರು ಹೊಯ್ಯುವುದು. ಹಾಲಿಗೆ ಮಜ್ಜಿಗೆಯ ಹೆಪ್ಪು ಹಾಕಿದ ಹಾಗೆ. ಒಂದು ರಾತ್ರಿ ಕಳೆದರೆ ಊರ ನೀರು ಹೊಳೆಯ ರುಚಿಗೆ ತಿರುಗುತ್ತದೆ ಎಂಬುದು ಆಕೆಯ ಶಾಸ್ತ್ರ.

ನಕ್ಕವರಿಗೆ ಆಕೆಯ ಹತ್ತಿರ ಒಂದೇ ಉತ್ತರವಿತ್ತು. "ಹಾಲಿಗೆ ತಿಳೀತೈತಿ ಅಂದ ಮ್ಯಾಲ ನೀರಿಗೆ ತಿಳಿಯಂಗಿಲ್ಲೇನ? ನೀರೇನ ಹಾಲಿಗಿಂತ ದಡ್ಡ ಐತೇನ?"

ಹೆಪ್ಪು ಎಂದ ಮೇಲೆ ಅದನ್ನು ಚೆಲ್ಲುವಂತಿಲ್ಲ. ಅಂದಿನಿಂದ ಆ ಬಾನಿ ಬರಿದಾಗಲಿಲ್ಲ. ಅದರ ಒಳಮೈಯನ್ನು ಯಾರೂ ತಿಕ್ಕುವಂತಿರಲಿಲ್ಲ. ರೊಟ್ಟಿಯ ಹಂಚಿನ ಹಾಗೆ ಅದು ಪಳಗಿರಬೇಕು. ಮುಚ್ಚುವಂತೆಯೂ ಇರಲಿಲ್ಲ, ನೀರಿಗೂ ಉಸಿರು ಬೇಕು. ಅತ್ತೆ ಹದಿನಾರು ಕೊಂಕು ನುಡಿದಳು, ಆದರೆ ಕಣ್ಣು ಮುಚ್ಚುವ ಹೊತ್ತಿಗೆ, "ಬಾವಿ ನೀರ ಬ್ಯಾಡ, ಆಕಿ ಬಾನ್ಯಾಗಿಂದು ಒಂದ ಗುಟುಕು ಹಾಕ" ಎಂದು ಮಗನಿಗೆ ಹೇಳಿ ಹೋದಳು. ಅತ್ತೆ ಹೋದಳೆಂದು ಫಕ್ಕೀರವ್ವ ಅತ್ತಳು ನಿಜ. ಅಳುತ್ತಳುತ್ತಲೇ ಕೂಡಿದವರನ್ನು, "ಕೇಳಿದ್ರಿಲ್ಲೋ, ಏನಂದ್ಲು ಕೇಳಿದ್ರಿಲ್ಲೋ?" ಎಂದು ಸಾಕ್ಷಿಗೆ ಹಿಡಿದಳು.

ಗಂಡ ಪೇಟೆಯಲ್ಲಿ ಹಮಾಲನಾಗಿದ್ದ. ಅವನು ಬುತ್ತಿಯ ಜೊತೆ ಒಯ್ಯುತ್ತಿದ್ದ ನೀರನ್ನು ಒಮ್ಮೆ ಪ್ರಭುಲಿಂಗಪ್ಪನ ತಂದೆ ಕುಡಿದು ನೋಡಿ ಬೆರಗಾದರು. ಬೇಸಿಗೆಯಲ್ಲಿ ಅಂಗಡಿಯ ಮುಂದೆ ಅರವಟ್ಟಿಗೆ ಇಡಬೇಕೆಂದಿದ್ದವರು ಆಕೆಯನ್ನೇ ಕರೆಸಿ ಬೇವಿನ ಬುಡ ತೋರಿಸಿದರು. "ಫಕ್ಕೀರವ್ವ ಕುಂತ ಜಾಗಾ ಫಕ್ಕೀರವ್ವಂದು" ಎಂದರು. ಗಂಡ ತೀರಿಹೋದ, ಹಿರಿಯ ಸಾಹುಕಾರರೂ ತೀರಿಹೋದರು, ಆ ಮಾತು ಮಾತ್ರ ಉಳಿಯಿತು. ಈಗ ಆಕೆಗೆ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಮಗ ಚನ್ನೇಶ ಗೂಡ್ಸ್ ಟೆಂಪೋ ಹೊಡೆಯುತ್ತಿದ್ದ, ಸೊಸೆ ಕಾವ್ಯಾ ಒಳ್ಳೆಯವಳು. ಆದರೂ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಆಕೆಗೆ ಮನೆ ಮನೆಯಲ್ಲ. ಆ ಬೇವಿನ ಬುಡವೇ ಆಕೆಯ ಮಾನ, ಅದೇ ಆಕೆಯ ಸಿಂಹಾಸನ.

ಅದಕ್ಕೆ ಕುತ್ತು ಬಂದದ್ದು ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆಯಲ್ಲಿ.

ಆ ವರ್ಷ ಕೀಲು ಹಿಡಿಯುವ ಜ್ವರ ನಾಡಿನ ಮೇಲೆಲ್ಲ ಎದ್ದಿತ್ತು. ಚಿಕೂನ್‌ಗುನ್ಯಾ ಎಂದು ಅದರ ಹೆಸರು. ರಾಣೆಬೆನ್ನೂರಿಗೆ ಲೋಡು ಒಯ್ದ ಚನ್ನೇಶ ಮೈ ಕಾವೇರಿಸಿಕೊಂಡು ಬಂದ. ಟೆಂಪೋದಿಂದ ಇಳಿದವನು ನೆಟ್ಟಗೆ ನಿಲ್ಲಲಾರದೆ, ಸ್ಟೇರಿಂಗ್ ಹಿಡಿದ ಭಂಗಿಯಲ್ಲೇ ಬಾಗಿಕೊಂಡು ಮನೆಯೊಳಗೆ ಬಂದ. ತಂಪಿರಲಿ ಎಂದು ತಾಯಿ ಅವನ ಹೊರಸನ್ನು ಹಿತ್ತಲಿನಲ್ಲಿ, ಬಾನಿಯ ಮಗ್ಗುಲಿಗೇ ಹಾಕಿಸಿದಳು. ಹಗಲೆಲ್ಲ ಅಲ್ಲೇ ಮಲಗಿದ.

ಅವನು ಎದ್ದು ಓಡಾಡುವ ಹೊತ್ತಿಗೆ ಪಕ್ಕದ ಮನೆಯ ಸುಗರಾಬಿ ಮಲಗಿದಳು. ಸುಗರಾಬಿ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಆಕೆಯ ಬೆರಳುಗಳು ತಾಳ ಹಾಕಿದಂತೆ ಓಡುತ್ತಿದ್ದವು; ಈಗ ಚಹದ ಬಸಿಯನ್ನೂ ಎರಡು ಅಂಗೈಗಳ ನಡುವೆ ಒತ್ತಿ ಹಿಡಿಯಬೇಕಾಯಿತು. ಆಮೇಲೆ ಎದುರು ಮನೆ, ಆಮೇಲೆ ಮೂಲೆಯ ಮನೆ. ಓಣಿಯಲ್ಲಿ ಹರೆಯದವರು ಮುದುಕರ ಹಾಗೆ ಗೋಡೆ ಹಿಡಿದು ನಡೆದರು. ಮುದುಕರು ಮಾತ್ರ, "ಈಗ ತಿಳೀತಿಲ್ಲೋ ನಮ್ಮ ಬಾಳೇವು?" ಎಂದು ಒಳಗೊಳಗೇ ಸಂತೋಷಪಟ್ಟರು.

ಜ್ವರ ಸೊಳ್ಳೆಯಿಂದ ಬರುತ್ತದೆಂದು ಸುದ್ದಿ ಬಂತು. ಸೊಳ್ಳೆ ಎಂದೊಡನೆ ಫಕ್ಕೀರವ್ವನ ಕಣ್ಣು ಹೋದದ್ದು ಸುಗರಾಬಿಯ ಬಚ್ಚಲ ನೀರು ಹರಿಯುವ ಗಟಾರಿಗೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಕಾಣದವರಿಗೆ ಮಂದಿಯ ಎಲೆಯ ನೊಣ ಹರದಾರಿ ದೂರದಿಂದ ಕಾಣುತ್ತದೆ.

"ಸುಗರಾ, ನಿನ್ನ ಗಟಾರದಾಗ ಗುಂಗಾಡಿ ಸಂತಿ ಕೂಡೈತಿ ನೋಡವಾ. ಇಡೀ ಓಣಿ ಮಲಗಸಿದಿ!"

ಸುಗರಾಬಿ ಹೊರಸಿನ ಮೇಲಿಂದಲೇ ಕೂಗಿದಳು, "ಅಕ್ಕಾ, ಮಲಗಿದಾಕಿ ನಾನು! ನನ್ನ ಸೊಳ್ಳಿ ನನ್ನ ಯಾಕ ಕಡೀತಾವ, ಉಪ್ಪುಂಡ ಮನೀಗೆ ಎರಡು ಬಗೀತಾವೇನ?"

"ಗುಂಗಾಡಿಗೆ ಎಲ್ಲಿ ನಿಯತ್ತು!"

"ನಿಮ್ಮ ಚನ್ನೇಶಿ ನನಗಿಂತ ಮೊದಲ ಬಿದ್ದಾನ. ಅವಂದೂ ನನ್ನ ಗಟಾರೇನ?"

ಮಾತಿನಲ್ಲಿ ಸೋತಾಗ ಫಕ್ಕೀರವ್ವ ಕೆಲಸಕ್ಕೆ ಇಳಿಯುವವಳು. ಪೇಟೆಯಿಂದ ಒಣ ತೊಟ್ಟು, ಬೀಜ, ಕಸಗಾಯಿಗಳನ್ನು ಒಂದು ಚೀಲ ತುಂಬಿಸಿ ತರಿಸಿದಳು. ದೃಷ್ಟಿ ತೆಗೆಯಲು ನಾಲ್ಕು ಮೆಣಸಿನಕಾಯಿ ಸುಟ್ಟರೆ ಮನೆಯವರೆಲ್ಲ ಕೆಮ್ಮುತ್ತಾರೆ. ಇಷ್ಟು ಸುಟ್ಟರೆ ಗುಂಗಾಡಿಯ ವಂಶವೇ ನಿರ್ವಂಶ ಎಂಬುದು ಆಕೆಯ ಲೆಕ್ಕ. ದೀಪ ಹಚ್ಚುವ ಹೊತ್ತಿಗೆ ಗಟಾರಿನ ದಂಡೆಗೆ ರಾಶಿ ಹಾಕಿ ಬೆಂಕಿ ಇಟ್ಟಳು.

ಗಾಳಿ ಓಣಿಯ ಕಡೆಗೇ ಇತ್ತು.

ಮೊದಲು ನಾಯಿಗಳು ಓಡಿದವು. ಅವುಗಳ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಹೆಂಗಸರು. ಕೊನೆಗೆ, ಕೀಲು ಹಿಡಿದು ವಾರದಿಂದ ಹೊರಸು ಬಿಡದಿದ್ದವರೆಲ್ಲ ಬಾಗಿಲು ಒದ್ದುಕೊಂಡು ಹೊರಬಿದ್ದರು. ಸುಗರಾಬಿಯಂತೂ ಸೆರಗು ಮೂಗಿಗೆ ಒತ್ತಿಕೊಂಡು, ಹರೆಯದ ಹುಡುಗಿಯ ಹಾಗೆ ಗಟಾರನ್ನು ಒಂದೇ ನೆಗೆತಕ್ಕೆ ದಾಟಿದಳು. ದಾಟಿದ ಮೇಲೆ ಮೊಣಕಾಲು ನೆನಪಾಗಿ, "ಯಾ ಅಲ್ಲಾ!" ಎಂದು ಅಲ್ಲೇ ಕುಳಿತಳು.

"ನೋಡ್ರಿ, ನೋಡ್ರಿ! ಗುಳಿಗಿಗೆ ಏಳದಾಕಿ ನನ್ನ ಹೊಗಿಗೆ ಎದ್ದಾಳ!" ಎಂದು ಫಕ್ಕೀರವ್ವ ಕೆಮ್ಮಿನ ನಡುವೆ ಘೋಷಿಸಿದಳು.

ಮರುದಿನ ಹಗಲು ಹೊತ್ತಿನಲ್ಲಿ, ಹೊಗೆಯ ವಾಸನೆ ಇನ್ನೂ ಆರದಿರುವಾಗಲೇ, ಸೊಳ್ಳೆಗಳು ಏನೂ ಆಗದವರ ಹಾಗೆ ಬಂದು ತಮ್ಮ ಕೆಲಸ ನಡೆಸಿದವು.

ಇತ್ತ ಪೇಟೆಯಲ್ಲಿ ಪ್ರಭುಲಿಂಗಪ್ಪನಿಗೂ ಜ್ವರ ಬಂತು. ಆಳು ದೊಡ್ಡವನು, ಗಾದಿಯ ಮೇಲೆ ಕುಳಿತರೆ ಗಾದಿ ಕಾಣುತ್ತಿರಲಿಲ್ಲ. ಒಂದು ದಿನ ಕುಳಿತವನು ಏಳಲಾರದೆ ಹೋದ. ಕೊನೆಗೆ ಹಮಾಲರು ಬಂದು, "ಹೂಂ, ಹಿಡಿ, ಎತ್ತು" ಎಂದು ಮೆಣಸಿನಕಾಯಿ ಚೀಲ ಎತ್ತಿದಂತೆಯೇ ಅವನನ್ನು ಎತ್ತಿ ನಿಲ್ಲಿಸಿದರು. ಅಭ್ಯಾಸ ಬಲದಿಂದ ಒಬ್ಬನು ಅವನ ಬೆನ್ನಿಗೆ ಕೊಕ್ಕೆ ಹಾಕಲು ಹೋಗಿದ್ದನೆಂದು ಪೇಟೆಯಲ್ಲಿ ಈಗಲೂ ಹೇಳುತ್ತಾರೆ.

ಅವಮಾನವಾದ ಸಾಹುಕಾರನಿಗೆ ಒಂದು ಕಾರಣ ಬೇಕಾಗಿತ್ತು. ಯಾರೋ ಕಿವಿಯೂದಿದರು: ಜ್ವರ ಬಂದವರೆಲ್ಲ ಫಕ್ಕೀರವ್ವನ ನೀರು ಕುಡಿದವರೇ. ಪೇಟೆಯಲ್ಲಿ ಆಕೆಯ ನೀರು ಕುಡಿಯದವರೇ ಇರಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ.

ಅವನು ಆಕೆಯನ್ನು ಕರೆಸಿದ. ಆ ಬೇಸಿಗೆಯ ಮೊದಲಿಗೇ ಕೊಂಡ ಏರ್ ಕೂಲರ್ ಭರ್ರೆಂದು ಅವನ ಮೈಮೇಲೆ ಗಾಳಿ ಬಿಡುತ್ತಿತ್ತು.

"ಫಕ್ಕೀರವ್ವ, ಬ್ಯಾಸರಾ ಮಾಡ್ಕೋಬ್ಯಾಡ. ಬರೂ ಸೋಮವಾರದ ಪೇಟಿಯಿಂದ ನಾವು ಫಿಲ್ಟರ್ ನೀರಿನ ಟಾಕಿ ಇಡಾವ್ರು. ನಿನ್ನ ಹರವಿ ಮನೀಗೆ ಒಯ್ದುಬಿಡು. ನೀನೂ ವಯಸ್ಸಾದಾಕಿ, ಆರಾಮ ಕುಂದ್ರು."

"ನಾ ಆರಾಮನ ಕುಂತೇನ್ರಿ, ಬೇವಿನ ಬುಡಕ."

"ಮಂದಿ ನಿನ್ನ ನೀರಿಗೆ ಹೆದರಾಕತ್ತಾರವಾ."

ಆಕೆ ಹೊರಗೆ ಬಂದು ಒಂದು ತಂಬಿಗೆ ನೀರನ್ನು ಎಲ್ಲರ ಎದುರು ಗಟಗಟನೆ ಕುಡಿದಳು. ಇನ್ನೊಂದು ಕುಡಿದಳು. ಮತ್ತೊಂದು ಕುಡಿದಳು. ಹಮಾಲರು ಕೆಲಸ ಬಿಟ್ಟು ನೋಡಿದರು. "ನನಗ್ಯಾಕ ಜ್ವರ ಬಂದಿಲ್ಲ? ಹೇಳ್ರಿ ನೋಡೋಣ! ಯಾವ ಗುಂಗಾಡಿಗೂ ಧೈರ್ಯ ಇಲ್ಲ ನನ್ನ ಕಡ್ಯಾಕ!" ಎಂದಳು. ಮಾತು ಗಟ್ಟಿಯಾಗಿತ್ತು, ಆದರೆ ಹೊಟ್ಟೆ ನೀರಿನಿಂದ ಗುಡುಗುಡು ಎಂದು ಅದರ ಗಾಂಭೀರ್ಯ ಕೆಡಿಸಿತು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಕಾವ್ಯಾ ಊಟಕ್ಕೆ ಕರೆದರೆ, "ಜಾಗಾ ಹೋತವಾ" ಎಂದಳು, ಅಷ್ಟೇ.

ಅದೇ ವಾರ ಹಾವೇರಿಯಿಂದ ಆರೋಗ್ಯ ಇಲಾಖೆಯ ವಿಜಯಮಹಾಂತೇಶ ಎಂಬವನು ಮನೆ ಮನೆ ನೋಡಿಕೊಂಡು ಓಣಿಗೆ ಬಂದ. ಮೂವತ್ತರ ಆಸುಪಾಸಿನವನು, ಮಾತಿನ ಮಲ್ಲ. ಅವನೂ ಕುಂಟುತ್ತಿದ್ದ. ಫಕ್ಕೀರವ್ವ ಅವನನ್ನು ದಾರಿಯಲ್ಲೇ ತಡೆದಳು.

"ಸಾಹೇಬ್ರ, ಮೊದಲ ಆ ಗಟಾರ ನೋಡಿ, ಜ್ವರ ಅಲ್ಲಿಂದನ ಬಂದೈತಿ ಅಂತ ಎಲ್ಲಾರ ಮುಂದ ಹೇಳ್ರಿ."

ಅವನು ಬಗ್ಗಿ ನೋಡಿದ. ಸುಗರಾಬಿಯೂ ಗೋಡೆ ಹಿಡಿದು ಹೊರಗೆ ಬಂದು ನಿಂತಳು.

"ಸೊಳ್ಳಿ ಅದಾವ್ರಿ ಯವ್ವಾ. ಆದ್ರ ಇವು ಬ್ಯಾರೆ ಮನೆತನದವು. ಇದನ್ನೂ ಬಳೀಬೇಕು, ಆ ಮಾತ ಬ್ಯಾರೆ. ಆ ಜ್ವರದ ಸೊಳ್ಳಿ ಐತೆಲ್ಲ, ಮೈಮ್ಯಾಲ ಬಿಳಿ ಪಟ್ಟಿ ಪಟ್ಟಿ ಇದ್ದದ್ದು, ಅದು ಗಟಾರದ ಕಡೆ ಹೊಳ್ಳಿ ಸೈತ ನೋಡಂಗಿಲ್ಲ. ಭಾಳ ಮಡಿ ಅದು. ಅದಕ್ಕ ನಿಂತ ನೀರ ಬೇಕು, ತಿಳಿ ನೀರ ಬೇಕು, ನೆರಳ ಬೇಕು. ಓಣ್ಯಾಗ ಎಲ್ಲಿ ಸ್ವಚ್ಛ ನೀರ ತುಂಬಿಟ್ಟಾರ ಅಲ್ಲೇ ತತ್ತಿ ಇಡ್ತೈತಿ."

ಸ್ವಚ್ಛ ನೀರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಫಕ್ಕೀರವ್ವನ ಎದೆ ಗೇಣುದ್ದ ಉಬ್ಬಿತು. ಮುಂದಿನದು ಆಕೆಗೆ ಕೇಳಿಸಲೇ ಇಲ್ಲ.

"ಸ್ವಚ್ಛ ನೀರ ಅಂದ್ರ ಈ ಊರಾಗ ನಂದ ಒಂದ ನೋಡ್ರಿ! ಬರ್ರಿ ತೋರಸ್ತೇನಿ!"

ಹೀಗೆ ಆಕೆ ಕೈಹಿಡಿದು ಕರೆದುಕೊಂಡು ಹೋಗಿ ಅವನನ್ನು ತನ್ನ ಬಾನಿಯ ಮುಂದೆ ನಿಲ್ಲಿಸಿದಳು. ಸುಗರಾಬಿಯೂ ಹಿಂದೆಯೇ ಬಂದಳು. ಇಂಥ ತಮಾಷೆಗೆ ಮೊಣಕಾಲು ಅಡ್ಡ ಬರುವುದಿಲ್ಲ.

ವಿಜಯಮಹಾಂತೇಶ ಬಾನಿಯ ಮೇಲಿನ ನೀರನ್ನು ಒಂದು ಸ್ಟೀಲ್ ಬಟ್ಟಲಿಗೆ ತುಂಬಿ ಬಿಸಿಲಿಗೆ ಹಿಡಿದ. ಕೂದಲೆಳೆಯಷ್ಟು ಸಣ್ಣ ಹುಳಗಳು ಅದರಲ್ಲಿ ಸೊಂಟ ಮುರಿದು ಮುರಿದು ಕುಣಿಯುತ್ತಿದ್ದವು. ಕುಣಿದು ದಣಿದವು ಮೇಲೆ ಬಂದು ತಲೆ ಕೆಳಗಾಗಿ ಜೋತುಬಿದ್ದವು.

"ಇವು ಏನ್ರಿ?"

"ಅವಾ? ಅವು ಗಂಗವ್ವನ ಮಕ್ಕಳು" ಎಂದಳು ಫಕ್ಕೀರವ್ವ ಅಭಿಮಾನದಿಂದ. "ಜೀವಂತ ನೀರಾಗ ಇರ್ತಾವು. ಸತ್ತ ನೀರಾಗ ಎಲ್ಲಿರ್ತಾವು? ನಾ ಪ್ಯಾಟಿಗೆ ಒಯ್ಯೂ ಮುಂದ ಎರಡ ಪದರ ಅರಿವ್ಯಾಗ ಸೋಸಿ, ಇವನ್ನ ಹೊಳ್ಳಿ ಬಾನಿಗೇ ಬಿಡ್ತೇನಿ. ಪಾಪ, ಮಕ್ಕಳು."

ವಿಜಯಮಹಾಂತೇಶ ಹಣೆ ಹಣೆ ಬಡಿದುಕೊಂಡ. "ಯವ್ವಾ, ಇವು ಗಂಗವ್ವನ ಮಕ್ಕಳಲ್ಲ, ಆ ಜ್ವರದ ಸೊಳ್ಳಿ ಮಕ್ಕಳು! ನೀವು ಸಾಕಾಕತ್ತೀರಿ!"

ಸುಗರಾಬಿ ನಗತೊಡಗಿದಳು. ನಕ್ಕರೆ ಕೀಲೆಲ್ಲ ನೋಯುತ್ತಿತ್ತು. ನೋವಿಗೆ "ಅಯ್ಯಯ್ಯೋ" ಎನ್ನುತ್ತ, ಅಯ್ಯಯ್ಯೋ ಎಂದದ್ದಕ್ಕೆ ಮತ್ತೆ ನಗುತ್ತ ಬಾನಿಯ ಅಂಚು ಹಿಡಿದುಕೊಂಡಳು. "ಅಕ್ಕಾ, ಗುಂಗಾಡಿಗೆ ನಿಯತ್ತಿಲ್ಲ ಅಂದಿಯಲ್ಲ? ಹೆತ್ತ ತಾಯಿ ನೀನ ಅದಿ!"

ಫಕ್ಕೀರವ್ವ ಬಟ್ಟಲು ಕಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು. "ಸುಳ್ಳ. ರೆಕ್ಕಿ ಎಲ್ಲಿ ಅದಾವ ಇವಕ್ಕ?"

"ವಾರ ಒಪ್ಪತ್ತಿನ್ಯಾಗ ಬರ್ತಾವ್ರಿ. ನೀವು ಮ್ಯಾಲ ನೀರ ಹೊಯ್ದ ಹೊಯ್ದ ಬಾನಿ ಎಂದೂ ಬರಿದು ಮಾಡಿಲ್ಲ, ತಿಕ್ಕಿಲ್ಲ. ಅದರ ತತ್ತಿ ನೀರಿನ ಮ್ಯಾಲಿನ ಕಲ್ಲಿಗೆ ಅಂಟಿರ್ತಾವು. ತಿಂಗಳಾನಗಟ್ಲೆ ಒಣಗಿದ್ರೂ ಸಾಯಂಗಿಲ್ಲ, ನೀರ ತಾಗಿದ ಕೂಡ್ಲೆ ಒಡೀತಾವು."

"ಹಂಗಾರ ನನ್ನ ನೀರ ಕುಡದನ ಮಂದಿಗೆ ಜ್ವರ ಬಂತೇನು?" ಆಕೆಯ ದನಿ ಮೊದಲ ಬಾರಿಗೆ ಇಳಿಯಿತು.

"ಇಲ್ಲಿಲ್ರಿ. ಕುಡದ್ರ ಬರಂಗಿಲ್ಲ. ಕಡದ್ರಷ್ಟೇ. ಅದೂ ಸುಮ್ನ ಕಡದ್ರ ಅಲ್ಲ. ಮೊದಲ ಜ್ವರ ಇದ್ದವರನ್ನ ಕಡೀಬೇಕು. ಅವರ ರಕ್ತದಾಗಿನ ವೈರಸ್ಸು ಸೊಳ್ಳಿ ಹೊಟ್ಟ್ಯಾಗ ಹೋಗಿ, ಕೆಲವು ದಿನ ಅಲ್ಲೇ ಬೆಳದು, ಅದರ ಜೊಲ್ಲಿಗೆ ಬರಬೇಕು. ಆಮ್ಯಾಲ ಇನ್ನೊಬ್ಬರನ್ನ ಕಡದಾಗ ಆ ಜೊಲ್ಲಿನ ಕೂಡ ಅವರ ಮೈಗೆ ಇಳೀತೈತಿ. ಅಂಥ ಸೊಳ್ಳಿ ಸಾಯೂತನಕ ಕಂಡಕಂಡವರಿಗೆ ಹಂಚತೈತಿ. ಇದು ಹಗಲ ಕಡಿಯೂದ್ರಿ, ಸಂಜೀಕ ಹೊಗಿ ಹಾಕಿದ್ರ ಏನೂ ಆಗಂಗಿಲ್ಲ. ಕಡಿಯೂವೂ ಬರೇ ಹೆಣ್ಣು."

"ಹೆಣ್ಣ ಯಾಕ?"

"ತತ್ತಿ ಇಡಾಕ ರಕ್ತ ಬೇಕಾಗ್ತೈತ್ರಿ."

"ಬಸುರಿ ಬಯಕಿ ಅನ್ನು" ಎಂದು ಫಕ್ಕೀರವ್ವ ಒಂದಿಷ್ಟು ಮೆತ್ತಗಾದಳು. "ಗಂಡ ಗುಂಗಾಡಿ ಏನ ಮಾಡ್ತೈತಿ?"

"ಹೂವಿನ ರಸ ಕುಡ್ಕೊಂತ ಅಡ್ಡಾಡ್ತೈತ್ರಿ."

"ಹಂಗಾರ ಅವರ ಮನ್ಯಾಗೂ ಗಂಡಸರು ಹಂಗ ಅದಾರ" ಎಂದಳು ಸುಗರಾಬಿ.

ಫಕ್ಕೀರವ್ವ ನಗಲಿಲ್ಲ. ಆಕೆಯ ಕಣ್ಣು ಬಾನಿಯ ಮಗ್ಗುಲಿನ ಬರಿದಾದ ಹೊರಸಿನ ಮೇಲಿತ್ತು. ಚನ್ನೇಶ ಜ್ವರ ಹೊತ್ತು ತಂದದ್ದು ರಾಣೆಬೆನ್ನೂರಿನಿಂದ. ಮಲಗಿದ್ದು ಇಲ್ಲಿ. ಇಲ್ಲಿ ಹುಟ್ಟಿದವು ಅವನನ್ನು ಕಡಿದು, ಗೋಡೆ ಹಾರಿ ಹೋಗಿದ್ದು ಸುಗರಾಳ ಮನೆಗೆ. ಗಟಾರು ಗಟಾರು ಎಂದು ತಾನು ಬೊಬ್ಬೆ ಹೊಡೆದದ್ದು ಅವಳ ಮೇಲೆ. ಇದನ್ನೆಲ್ಲ ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಸೋಮವಾರ ಪ್ಯಾಟಿಗೆ ಬಂದು, ಕುಡದ್ರ ಜ್ವರ ಬರಂಗಿಲ್ಲ ಅಂತ ನಮ್ಮ ಸಾವಕಾರ್ರಿಗೆ ಒಂದ ಮಾತ ಹೇಳ್ರಿ ತಮ್ಮಾ" ಎಂದಳು.

"ಸೋಮವಾರ ನಂದು ಗುತ್ತಲದಾಗ ಕೆಲಸ ಐತ್ರಿ. ನೀವ ಹೇಳ್ರಿ." ಹೋಗುವಾಗ ಅವನು ದನಿ ತಗ್ಗಿಸಿದ. "ಮನಸಿಗೆ ಹಚ್ಕೋಬ್ಯಾಡ್ರಿ ಯವ್ವಾ. ನಾ ಊರೆಲ್ಲ ತಿರುಗಿ ಹೇಳಾವ. ನನಗ ಜ್ವರ ಬಂದಾಗ ನನ್ನ ಹೆಂಡತಿ ನಮ್ಮ ಮನಿ ಡ್ರಮ್ಮಿನ ಮುಚ್ಚಳ ತಗದ ತೋರಿಸಿದ್ಲು. ಇಂಥವ ಕುಣ್ಯಾಕತ್ತಿದ್ವು."

ಭಾನುವಾರ ಬಾನಿ ಬರಿದು ಮಾಡುವ ಕೆಲಸ ನಡೆಯಿತು. ಕಲ್ಲಿನ ಬಾನಿ ಬೋರಲು ಹಾಕಲಾಗುವುದಿಲ್ಲ. ಕೊಡ, ತಂಬಿಗೆ, ಕೊನೆಗೆ ತೆಂಗಿನ ಚಿಪ್ಪಿನಿಂದ ತೋಡಿ ತೋಡಿ ಬಿಸಿಲ ನೆಲಕ್ಕೆ ಚೆಲ್ಲಬೇಕು. ಮೇಲಿನ ನೀರನ್ನೆಲ್ಲ ಕಾವ್ಯಾ ಮತ್ತು ಚನ್ನೇಶ ಚೆಲ್ಲಿದರು. ತಳದ ಹೆಪ್ಪಿಗೆ ಬಂದಾಗ ಫಕ್ಕೀರವ್ವ, "ಸರೀರಿ" ಎಂದು ತಾನೇ ಬಗ್ಗಿದಳು. ಚಿಪ್ಪು ತುಂಬಿ ಸುರಿದ ನೀರನ್ನು ಒಣ ಮಣ್ಣು ಸುರ್ರೆಂದು ಕುಡಿಯಿತು. ಮೇಡ್ಲೇರಿಯ ಹೊಳೆ, ಚಕ್ಕಡಿಯ ದಾರಿ, ಗಂಡನ ಬುತ್ತಿ, ಎಲ್ಲವೂ ಅದರ ಕೂಡ ಇಂಗಿದ ಹಾಗಾಯಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೆಂದು ಎಲ್ಲರೂ ತಿಳಿದರು, ಅಥವಾ ತಿಳಿದಂತೆ ಮಾಡಿದರು.

ಆಗ ಚಿಪ್ಪಿಗೆ ಏನೋ ಠಣ್ಣೆಂದು ತಾಗಿತು. ಎತ್ತಿ ನೋಡಿದರೆ ಪಾಚಿಗಟ್ಟಿದ ಒಂದು ಹಿತ್ತಾಳೆ ಲೋಟ.

"ಅಯ್ಯ ನನ ಶಿವನೇ! ನಮ್ಮತ್ತಿ ಲೋಟ! ಇದನ್ನ ನಾ ತವರಮನೀಗೆ ಸಾಗಿಸೇನಿ ಅಂತ ಸಾಯೂತನಕ ಅಂದ್ಲು!" ಆಕೆ ಚಿಪ್ಪು ಒಗೆದು, ಕೆಸರುಗೈಯಲ್ಲೇ ಒಳಗೋಡಿ, ಗೋಡೆಯ ಮೇಲಿನ ಅತ್ತೆಯ ಫೋಟೋದ ಮುಂದೆ ಲೋಟ ಹಿಡಿದು ನಿಂತಳು. "ನೋಡು! ಕಣ್ಣ ತೆರದ ನೋಡು! ಈಗ ಏನಂತಿ?" ಗೆದ್ದ ಜಗಳದಲ್ಲಿ ಎದುರಾಳಿ ಇಲ್ಲದಿರುವುದು ಎಂಥ ನಷ್ಟವೆಂದು ಆಕೆಗೆ ಆಗ ತಿಳಿಯಿತು.

ಹೊರಗೆ ಬಂದರೆ ಸುಗರಾಬಿ ಬೂದಿ ಮತ್ತು ತೆಂಗಿನ ನಾರು ಹಿಡಿದು ಬಾನಿಯ ಪಕ್ಕ ನಿಂತಿದ್ದಳು. ಬೆರಳು ಇನ್ನೂ ಪೂರಾ ಮಡಚುತ್ತಿರಲಿಲ್ಲ.

"ನೀ ಯಾಕ ಬಂದಿ? ನಿನ್ನ ಕೈ ಸರಿ ಇಲ್ಲ."

"ಕಡಸ್ಕೊಂಡಾಕಿ ನಾನು. ತಿಕ್ಕೂ ಹಕ್ಕು ನಂದೈತಿ" ಎಂದು ಸುಗರಾಬಿ ಅಂಗೈಯಲ್ಲೇ ನಾರು ಒತ್ತಿ ಬಾನಿಯ ಒಳಮೈ ತಿಕ್ಕತೊಡಗಿದಳು. ಒಂದು ಮಗ್ಗುಲು ಅವಳು, ಒಂದು ಮಗ್ಗುಲು ಇವಳು. ಗಟಾರಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅರ್ಧ ಬಾನಿ ತಿಕ್ಕಿದ ಮೇಲೆ ಫಕ್ಕೀರವ್ವ, "ನಾಳೆ ನಿನ್ನ ಗಟಾರ ನಮ್ಮ ಚನ್ನೇಶಿ ಬಳೀತಾನ" ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಯಾವ ಜನ್ಮದಲ್ಲೂ ಬರುವಂಥದ್ದಲ್ಲ.

ಚೆಲ್ಲುವ ಮೊದಲು ಆಕೆ ಒಂದು ಗಾಜಿನ ಬರಣಿಯಲ್ಲಿ ಹುಳಗಳಿದ್ದ ನೀರು ತುಂಬಿ, ಬಾಯಿಗೆ ಅರಿವೆ ಬಿಗಿದು ಇಟ್ಟಿದ್ದಳು. ಸೋಮವಾರ ಬೆಳಿಗ್ಗೆ ಅದನ್ನು ಕಂಡು ಕಾವ್ಯಾ ಗಾಬರಿಯಾದಳು.

"ಅತ್ತಿ, ಕುಡದ್ರ ಜ್ವರ ಬರಂಗಿಲ್ಲ ಅಂತಷ್ಟ ಹೇಳಿ ಬರ್ರಿ. ಬಾನಿ ಸುದ್ದಿ ಯಾಕ ತಗೀತೀರಿ? ಜಾಗಾ ಹೋದೀತು."

ಫಕ್ಕೀರವ್ವ ಬರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಅರ್ಧಾ ಹೇಳಿ ಜಾಗಾ ಉಳಸ್ಕೊಂಡ್ರ, ಕುಂತಾಗೆಲ್ಲ ಅದು ಚುಚ್ಚತೈತಿ. ಅಂಥಾ ಜಾಗಾದಾಗ ಕುಂದ್ರೂದ ಹೆಂಗ?" ಮೈ ಸ್ವಲ್ಪ ಜುಂ ಎನ್ನುತ್ತಿತ್ತು, ಮೊಣಕಾಲು ಬಿಗಿದಿತ್ತು. ಭಾನುವಾರದ ದುಡಿತವೆಂದು ಆಕೆ ಅದನ್ನು ಲೆಕ್ಕಕ್ಕಿಡಲಿಲ್ಲ.

ಪೇಟೆಯಲ್ಲಿ ಬೇವಿನ ಮರದ ಹತ್ತಿರ ಹೊಸ ಟಾಕಿ ಆಗಲೇ ಬಂದು ಫಳಫಳ ಹೊಳೆಯುತ್ತಿತ್ತು. ಆಕೆ ಅದರ ಕಡೆ ನೋಡದೆ, ಸುಗರಾಬಿಯನ್ನು ಹಿಂದೆ ಹಾಕಿಕೊಂಡು ನೆಟ್ಟಗೆ ಅಂಗಡಿಯೊಳಗೆ ಹೋಗಿ ಪ್ರಭುಲಿಂಗಪ್ಪನ ಗಾದಿಯ ಮೇಲೆ ಬರಣಿ ಇಟ್ಟಳು.

"ಏನಿದು?"

"ಜ್ವರದ ಗುಂಗಾಡಿ ಮರಿ. ನನ್ನ ಬಾನ್ಯಾಗ ಹುಟ್ಟಿದ್ವು. ನಾ ತಿಳೀದ ಸಾಕಿದ್ದೆ. ನನ್ನ ಓಣಿ ಮಲಗಿದ್ದು ನನ್ನಿಂದ. ಈ ಸುಗರಾನ ಕೇಳ್ರಿ. ನಿನ್ನೆ ಬಾನಿ ಚೆಲ್ಲಿ ತಿಕ್ಕೇವಿ."

ಹಮಾಲರು ಬಾಗಿಲಲ್ಲಿ ಮುತ್ತಿದರು. ಪ್ರಭುಲಿಂಗಪ್ಪ ಗೆದ್ದವನ ಹಾಗೆ ಕತ್ತು ಆಡಿಸಿದ. "ನಾ ಹೇಳಿದ್ದಿಲ್ಲ? ನಿನ್ನ ನೀರಿಂದನ..."

"ನೀರ ಕುಡದ್ರ ಬರಂಗಿಲ್ರಿ, ಪೂರಾ ಕೇಳ್ರಿ. ಗುಂಗಾಡಿ ಅಂದ್ರ ದಲಾಲಿ ಇದ್ದಂಗ. ಮಾಲು ಅದರದಲ್ಲ. ಒಬ್ಬರ ಮಾಲು ಇನ್ನೊಬ್ಬರಿಗೆ ಮುಟ್ಟಿಸಿ, ನಡುವ ತನ್ನದೊಂದ ಹನಿ ರಕ್ತಾ ಮುರಕೊಂತೈತಿ."

ಬಾಗಿಲಲ್ಲಿದ್ದ ರೈತರೆಲ್ಲ ಗೊಳ್ಳೆಂದು ನಕ್ಕರು. ದಲಾಲಿ ಅಂಗಡಿಯಲ್ಲೇ ನಿಂತು ಇಂಥ ಮಾತು ಕೇಳುವ ಸುಖ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಪ್ರಭುಲಿಂಗಪ್ಪನ ಮುಖ ಬ್ಯಾಡಗಿ ಮೆಣಸಿನಕಾಯಿಯಾಯಿತು.

"ಆತು! ನಿನ್ನ ಗುಂಗಾಡಿ ನಿನ್ನ ಓಣ್ಯಾಗ. ಅಲ್ಲಿಂದ ಇಷ್ಟ ದೂರ ನನ್ನ ಕಡ್ಯಾಕ ಟೆಂಪೋ ಮಾಡ್ಕೊಂಡ ಬಂತೇನ?"

ಫಕ್ಕೀರವ್ವ ಸುತ್ತ ನೋಡಿದಳು. ನೆರಳಿರುವ ಅಂಗಡಿ. ಭರ್ರೆನ್ನುವ ಕೂಲರ್. ಅದರ ಹೊಟ್ಟೆಯಲ್ಲಿ ಏನೋ ಕುಲುಕುವ ಸದ್ದು.

"ಸಾವಕಾರ್ರ, ಇದರಾಗ ನೀರ ಹಾಕ್ತೀರೇನು?"

"ಹಾಕಬೇಕು. ಎಂಥ ನೀರ ಹಾಕ್ತಾರ ಕೇಳು, ನಿನ್ನ ಹರವಿ ನೀರಲ್ಲ, ಸ್ವಚ್ಛ ನೀರ!"

"ಚೆಲ್ಲಿ ತಿಕ್ಕೂದು ಯಾವಾಗ?"

"ಅದನ್ಯಾಕ ಚೆಲ್ಲಬೇಕು? ಕಡಿಮಿ ಆದಂಗ ಮ್ಯಾಲ ಹೊಯ್ಯೂದು."

ಫಕ್ಕೀರವ್ವ ಸುಗರಾಬಿಯ ಕಡೆ ನೋಡಿದಳು. ಸುಗರಾಬಿ ಆಗಲೇ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಒಬ್ಬ ಹಮಾಲ ಕೂಲರ್ ಆರಿಸಿ, ಬದಿಯ ಜಾಳಿಗೆ ತೆಗೆದು, ತಂಬಿಗೆ ಅದ್ದಿ ತಂದ. ಬರಣಿಯ ಪಕ್ಕದಲ್ಲಿಟ್ಟ. ಎರಡರಲ್ಲೂ ಒಂದೇ ಕುಣಿತ, ಒಂದೇ ತಾಳ.

"ನಿಮ್ಮಲ್ಲೂ ಹೆಪ್ಪು ಭಾಳ ಚಲೋ ಕೂಡೈತ್ರಿ" ಎಂದಳು ಫಕ್ಕೀರವ್ವ.

ಪ್ರಭುಲಿಂಗಪ್ಪ ತಂಬಿಗೆ ನೋಡಿದ, ಬರಣಿ ನೋಡಿದ, ತನ್ನ ಊದಿದ ಮೊಣಕಾಲು ನೋಡಿಕೊಂಡ. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಗಾದಿ ಅಲುಗಿತು. ನಕ್ಕು ನಕ್ಕು, "ಹೋಗು ಯವ್ವಾ, ಹೋಗಿ ನಿನ್ನ ಜಾಗಾದಾಗ ಕುಂದ್ರು. ನಮ್ಮಪ್ಪ ಕೊಟ್ಟ ಮಾತು, ನಾ ಯಾರು ತಗ್ಯಾಂವ? ಟಾಕಿ ಗೋದಾಮಿಗೆ ಇಡತೇನಿ" ಎಂದ.

"ಒಂದ ಕರಾರು!" ಎಂದು ಸುಗರಾಬಿ ಬಾಯಿ ಹಾಕಿದಳು. "ಪ್ರತಿ ಶುಕ್ರವಾರ ಆ ಬಾನಿ, ಈ ಕೂಲರ್ ಎರಡೂ ಚೆಲ್ಲಿ ತಿಕ್ಕಬೇಕು. ಬಾನಿಗೆ ಮುಚ್ಚಳಾನೂ ಬೇಕು. ನೋಡಾಕ ನಾ ಬರ್ತೇನಿ."

"ಆಕಿ ಕಡಸ್ಕೊಂಡಾಕಿ, ಆಕಿಗೆ ಹಕ್ಕೈತಿ" ಎಂದಳು ಫಕ್ಕೀರವ್ವ.

ಆಕೆ ಬೇವಿನ ಬುಡಕ್ಕೆ ಬಂದು, ಚನ್ನೇಶ ಟೆಂಪೋದಲ್ಲಿ ತಂದ ಬಾನಿಯ ನೀರನ್ನು ಹರವಿಗಳಿಗೆ ತುಂಬಿಸಿ, ಗೋಣಿತಟ್ಟು ಝಾಡಿಸಿ, ರಾಣಿಯ ಹಾಗೆ ಕುಳಿತಳು. ಅತ್ತೆಯ ಲೋಟವನ್ನು ಹುಣಸೆಹಣ್ಣಿನಿಂದ ಬೆಳಗಿ ತಂದಿದ್ದಳು. ಅದರಲ್ಲೇ ಮೊದಲ ನೀರನ್ನು ಸುಗರಾಬಿಗೆ ಕೊಟ್ಟಳು. "ಹೆಂಗೈತಿ?"

ಸುಗರಾಬಿ ಎರಡು ಅಂಗೈಯಲ್ಲಿ ಲೋಟ ಹಿಡಿದು ಕುಡಿದು, ಒಂದು ಕ್ಷಣ ಯೋಚಿಸಿದಳು. ಬಾನಿಯಲ್ಲಿ ಈಗ ಹೆಪ್ಪಿರಲಿಲ್ಲ. ಬರೀ ಊರ ನಳದ ನೀರು.

"ಥೇಟ ಹೊಳೀ ನೀರನ ಅಕ್ಕಾ" ಎಂದಳು.

ಪೇಟೆ ಮುಗಿಯುವ ಹೊತ್ತಿಗೆ ಹರವಿಗಳು ಬರಿದಾಗಿದ್ದವು. ಫಕ್ಕೀರವ್ವ ಏಳಲು ಹೋದಳು. ಮೊಣಕಾಲು ಒಪ್ಪಲಿಲ್ಲ. ಕೈಯೂರಿದಳು, ಮಣಿಕಟ್ಟು ಒಪ್ಪಲಿಲ್ಲ. ಹಣೆ ಮುಟ್ಟಿಕೊಂಡರೆ ಬೆಂದ ರೊಟ್ಟಿಯ ಹಾಗೆ ಸುಡುತ್ತಿತ್ತು. ಯಾವುದೋ ಒಂದು ಗುಂಗಾಡಿಗೆ, ಬಾನಿಯದೋ ಕೂಲರಿನದೋ, ಕೊನೆಗೂ ಧೈರ್ಯ ಬಂದಿತ್ತು.

ಅಂಗಡಿಯ ಬಾಗಿಲು ಹಾಕಿ ಕುಂಟುತ್ತ ಇಳಿದ ಪ್ರಭುಲಿಂಗಪ್ಪ ಆಕೆಯನ್ನು ಕಂಡು ನಿಂತ. "ಯಾಕ ಫಕ್ಕೀರವ್ವ, ಹೊತ್ತ ಮುಳಗಾಕ ಬಂತು, ಇನ್ನೂ ಎದ್ದಿಲ್ಲ?"

ಫಕ್ಕೀರವ್ವ ಬೆನ್ನು ನೆಟ್ಟಗೆ ಮಾಡಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ನನ್ನ ಈ ಜಾಗಾದಿಂದ ಎಬ್ಬಸ್ತೇನಿ ಅಂತಿದ್ರಲ್ಲ ಸಾವಕಾರ್ರ. ಈಗ ಎಬ್ಬಸ್ರಿ ನೋಡೋಣ, ಎಷ್ಟ ಮಂದಿ ಹಮಾಲರು ಬೇಕಾಗ್ತಾರ!"